ಮಾತಿಲ್ಲದ ಮುದುಕಿಯ ಪಾತ್ರ

ನಾನು ಬರೆದ ನಾಟಕಗಳಿಗೆ ಬಹಳ ವರ್ಷ ಹೆಸರೇ ಹಾಕಿರಲಿಲ್ಲ. ಹಾಳೆಯ ಮೇಲೆ ‘ಶ್ರೀ’ ಎಂದು ಬರೆಯುತ್ತಿದ್ದೆ, ಕೊನೆಯಲ್ಲಿ ಖಾಲಿ ಬಿಡುತ್ತಿದ್ದೆ. ಬರೆಸಿದವನು ದೇವರು, ನನ್ನದೇನು ಎಂಬ ಭಾವನೆ. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಬೆಂಗೇರಿಯ ನಮ್ಮ ಓಣಿಯ ಹೆಂಗಸರು ದಸರೆಯಲ್ಲಿ ಗುಡಿಯ ಕಟ್ಟೆಯ ಮೇಲೆ ನಾಟಕ ಆಡುತ್ತಿದ್ದೆವು. ಯಾರಾದರೂ ಇಷ್ಟಪಟ್ಟು ಕೇಳಿದರೆ ಜೆರಾಕ್ಸ್ ಮಾಡಿಸಿ ಕೊಟ್ಟುಬಿಡುತ್ತಿದ್ದೆ. ತವರಿಗೆ ಬಂದು ಹೋಗುವ ಹೆಣ್ಣುಮಕ್ಕಳು ಪ್ರಸಾದದ ಜೊತೆಗೆ ಅದನ್ನೂ ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದರು.

ನಾಟಕ ಬರೆದು ಆಮೇಲೆ ಪಾತ್ರಕ್ಕೆ ಜನರನ್ನು ಹುಡುಕುವುದು ನಮ್ಮಲ್ಲಿ ಇರಲಿಲ್ಲ. ಯಾರು ಬರುತ್ತಾರೆ ನೋಡಿಕೊಂಡು ಅವರ ಅಳತೆಗೆ ಪಾತ್ರ ಹೊಲಿಯುತ್ತಿದ್ದೆ. ಗಟ್ಟಿ ದನಿಯವಳಿಗೆ ಜಗಳದ ಮಾತು, ಮೊಣಕಾಲು ನೋವಿನವಳಿಗೆ ಕುರ್ಚಿ. ಬಾಜೂಮನೆಯವಳನ್ನು ನಾನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದೆ. ಆಕೆಗೆ ಮಾತಾಡುವಾಗ ನಾಲಿಗೆ ತಡೆಯುತ್ತಿತ್ತು. ಮನೆಯ ಹೊರಗೆ ಆಕೆ ಬಾಯಿ ತೆರೆದವಳೇ ಅಲ್ಲ. ಒಂದು ದಿನ ಹೂ ಕಟ್ಟುತ್ತಾ, “ನಾನೂ ನಾ-ನಾಟಕದಾಗ ಬರ್ತೀನಿ. ಮಾತ ಮಾತ್ರ ಕೊಡಬ್ಯಾಡವಾ,” ಅಂದಳು.

ಹಾಗೆ ಹುಟ್ಟಿದ್ದು ನಳದ ನೀರಿನ ನಾಟಕ. ಕನ್ಯೆ ನೋಡಲು ಬೀಗರು ಬಂದಿರುತ್ತಾರೆ, ಅದೇ ಹೊತ್ತಿಗೆ ವಾರದಿಂದ ಬಾರದ ನಳ ಬರುತ್ತದೆ. ಕನ್ಯೆ ಕೊಡ ಹಿಡಿದು ಓಡುತ್ತಾಳೆ, ಕಡೆಗೆ ವರನೂ ಬಕೆಟ್ ಹೊರುತ್ತಾನೆ. ಒಬ್ಬ ಮುದುಕಿ ಮಾತ್ರ ಮೊದಲಿನಿಂದ ತುಟಿ ಬಿಚ್ಚದೆ ಅಕ್ಕಿ ಆರಿಸುತ್ತಾ ಕೂತಿರುತ್ತಾಳೆ. ಎಲ್ಲರೂ ಪಾಳಿಗಾಗಿ ಜಗಳಾಡುವಾಗ ಎದ್ದು ಹೋಗಿ ತನ್ನ ಕೊಡವನ್ನು ಎಲ್ಲರಿಗಿಂತ ಮುಂದೆ ಇಟ್ಟು, ಮತ್ತೆ ಬಂದು ಅಕ್ಕಿ ಆರಿಸುತ್ತಾಳೆ. ಜನ ನಕ್ಕು ನಕ್ಕು ಸುಸ್ತಾದರು. ವೈನಿಗೆ ಬಿದ್ದಷ್ಟು ಚಪ್ಪಾಳೆ ಯಾರಿಗೂ ಬೀಳಲಿಲ್ಲ.

ಎರಡು ವರ್ಷದ ನಂತರ ಧಾರವಾಡದಲ್ಲಿ ಹೆಂಗಸರ ನಾಟಕ ಸ್ಪರ್ಧೆ ಇತ್ತು. ಸ್ವಂತ ನಾಟಕವೇ ಆಗಬೇಕೆಂಬ ನಿಯಮ. ನಾವು ಅದನ್ನೇ ಒಯ್ದೆವು. ಬಸ್ಸಿನಲ್ಲಿ ಎಲ್ಲರಿಗೂ ಸೀಟು ಸಿಕ್ಕಿತು, ಕೊಡಗಳೂ ಜಜ್ಜಿಹೋಗಲಿಲ್ಲ. ಅಷ್ಟಕ್ಕೇ ದೇವರಿಗೆ ಕೈ ಮುಗಿದಿದ್ದೆ. ಬಣ್ಣ ಹಚ್ಚಿಕೊಳ್ಳುವಾಗ ಸ್ಪರ್ಧೆ ನಡೆಸುವ ಸರ್ ಒಳಗೆ ಬಂದರು.

“ಈ ನಾಟಕ ಹೋದ ವರ್ಷನ ಇಲ್ಲಿ ಆಗೇತ್ರೀ. ಅಮ್ಮಿನಬಾವಿ ಕಡೆಯವರು ಆಡಿದ್ರು. ಇನ್ನೊಬ್ರದು ತಂದು ನಮ್ದು ಅಂದ್ರ ಹೆಂಗ್ರೀ? ನಿಮ್ಮನ್ನ ಬಿಡಾಕ ಆಗಂಗಿಲ್ಲ.”

ನಮ್ಮವರೆಲ್ಲ ನನ್ನ ಮುಖ ನೋಡಿದರು. ಆಡಲು ಬಿಡದಿದ್ದರೆ ಹೋಗಲಿ, ಕಳ್ಳರು ಎನಿಸಿಕೊಂಡು ಓಣಿಗೆ ಹೇಗೆ ತಿರುಗಿ ಹೋಗುವುದು?

ಅಮ್ಮಿನಬಾವಿ ತಂಡದ ಮುಂದಾಳು, ಸಾಲೆಯಲ್ಲಿ ಕಲಿಸುವ ಅಕ್ಕೋರು, ಆ ವರ್ಷವೂ ಬಂದಿದ್ದರು. ಸರ್ ಅವರನ್ನು ಕರೆಸಿದರು. ಆಕೆ ಕೆಟ್ಟವರಲ್ಲ.

“ನಮ್ಮ ಓಣಿ ಸೊಸಿ ತವರಮನಿಯಿಂದ ಜೆರಾಕ್ಸ್ ತಂದಿದ್ಲುರೀ. ಹಾಳಿ ಮ್ಯಾಲೆ ಯಾರ ಹೆಸರೂ ಇರಲಿಲ್ಲ. ಯಾರದೂ ಅಲ್ಲ ಅಂದ್ರ ನಮ್ದ ಅಂತ ನಮ್ಮ ಮಂಡಳದ ಹೆಸರ ಹಾಕಿದ್ವಿ,” ಅಂದರು.

“ನಾನ ಬರದಿದ್ದುರೀ,” ಅಂದೆ.

ಸರ್ ಇಬ್ಬರನ್ನೂ ನೋಡಿದರು. “ಹಂಗಾದ್ರ ಒಂದ ಮಾತ ಹೇಳ್ರಿ. ಆ ಮುದುಕಿ ಯಾಕ ಮಾತಾಡಂಗಿಲ್ಲ? ಹೋದ ವರ್ಷನೂ ಕೇಳಿದ್ದೆ.”

ಅಕ್ಕೋರು, “ನಮಗೂ ತಿಳೀಲಿಲ್ರೀ. ಹಾಳ್ಯಾಗ ಹಂಗ ಇತ್ತು, ಹಂಗ ಮಾಡಿದ್ವಿ,” ಅಂದರು.

ನನಗೆ ಗೊತ್ತಿತ್ತು. ಆದರೆ ಅಷ್ಟು ಜನರ ಎದುರು ವೈನಿಯ ನಾಲಿಗೆಯ ವಿಷಯ ಹೇಳಿ ನನ್ನ ನಾಟಕ ಉಳಿಸಿಕೊಳ್ಳುವುದೇ? ಮನಸ್ಸಿನಲ್ಲೇ ದೇವರನ್ನು ನೆನೆದೆ. ಸರ್ ಕಾದರು, ಆಮೇಲೆ ಬಾಗಿಲ ಕಡೆ ತಿರುಗಿದರು.

“ನ-ನನ್ನ ಸಲುವಾಗಿರೀ.”

ವೈನಿ ಎದ್ದು ನಿಂತಿದ್ದಳು. ಮುಖದ ತುಂಬ ಮುದುಕಿಯ ಸುಕ್ಕು ಬರೆದಿದ್ದೆವು. “ನನಗ ಮಾ-ಮಾತ ತಡೀತೈತಿ. ಅದಕ್ಕ ಈಕಿ ಮಾತಿಲ್ಲದ ಪಾ-ಪಾತ್ರ ಬರದಾಳ. ಈ ಮುದುಕಿ ನಾನರೀ.”

ಯಾರೂ ನಗಲಿಲ್ಲ. ಅಕ್ಕೋರು ಮುಂದೆ ಬಂದು ವೈನಿಯ ಕೈ ಹಿಡಿದರು. “ಬರ್ರಿ ಸರ, ಮೈಕಿನ್ಯಾಗ ನಾನ ಹೇಳ್ತೀನಿ, ಇದು ಇವರದು ಅಂತ.” ಹೇಳಿಯೂ ಹೇಳಿದರು. ನನ್ನ ಹೆಸರನ್ನು ಮೈಕಿನಲ್ಲಿ ಕೇಳಿದ್ದು ಅದೇ ಮೊದಲು, ಸೆರಗು ಸರಿಮಾಡಿಕೊಂಡೆ. ಬಹುಮಾನ ಬರಲಿಲ್ಲ. ಆದರೆ ಆಡಿದೆವು, ಕರೆಂಟೂ ಹೋಗಲಿಲ್ಲ.

ಮರುವಾರ ಸುಳ್ಳ ಎಂಬ ಊರಿನವರು ಅದೇ ನಾಟಕ ಕೇಳಿಕೊಂಡು ಬಂದರು. ಜೆರಾಕ್ಸಿಗೆ ಹೋಗುವ ಮೊದಲು ಕೊನೆಯ ಹಾಳೆಯ ಕೆಳಗೆ ನನ್ನ ಹೆಸರು ಬರೆದು, “ಯಾರು ಬೇಕಾದರೂ ಆಡಬಹುದು, ಹಣ ಕೊಡಬೇಕಿಲ್ಲ. ಹೆಸರು ಮಾತ್ರ ತೆಗೆಯಬಾರದು” ಎಂದು ಸೇರಿಸಿದೆ. ದೇವರು ತಪ್ಪು ತಿಳಿಯಲಾರ, ಅವನ ಹೆಸರು ಮೇಲೆ ಇದ್ದೇ ಇದೆ.

ವೈನಿ ಕಾಂಪೌಂಡಿನ ಆಚೆಯಿಂದ ಇಣುಕಿ ಓದಿದಳು. “ಬಾಳ ಶ್ಯಾಣ್ಯಾಕಿ ನೀ. ಮು-ಮುದುಕಿ ಯಾರಂತ ಬರದೇ ಇಲ್ಲಲ್ಲ?”

ಅದನ್ನೂ ಬರೆದೆ: ಮಾತಿಲ್ಲದ ಮುದುಕಿಯನ್ನು ಮೊದಲು ಆಡಿದವರು ಇಂಥವರು ಎಂದು. ಆಕೆ ತನ್ನ ಹೆಸರಿನ ಕಾಗುಣಿತ ನೋಡಿ, ಸರಿಯಿದೆ ಅಂದಮೇಲೇ ಅಂಗಡಿಗೆ ಹೋದೆ.