ಹತ್ತೊಂಬತ್ತು ಮನೆಯ ಕೊಪ್ಪರಿಗೆ

ನರಿಕೊಂಬಿನ ಜತ್ತಪ್ಪಣ್ಣನ ಮನೆ ಎಲ್ಲಿ ಎಂದು ಬಂಟ್ವಾಳ ಪೇಟೆಯಲ್ಲಿ ಕೇಳಿದರೆ ಜನ ಮೊದಲು ನಮ್ಮ ಕೈ ನೋಡುತ್ತಿದ್ದರು. ಕೈಯಲ್ಲಿ ತೂತು ಪಾತ್ರೆ ಇದ್ದರೆ ದಾರಿ ತೋರಿಸುತ್ತಿದ್ದರು. ಇಲ್ಲದಿದ್ದರೆ, "ಬರಿಗೈಯಲ್ಲಿ ಹೋಗಿ ಏನು ಮಾಡ್ತೀರಿ ಮಾರಾಯ್ರೆ?" ಎನ್ನುತ್ತಿದ್ದರು.

ಪ್ರಾಯದಲ್ಲಿ ಅವರು ಫರಂಗಿಪೇಟೆಯ ಹಂಚಿನ ಕಾರ್ಖಾನೆಯೊಂದರಲ್ಲಿ ಒಲೆಯ ಬೆಂಕಿ ನೋಡಿಕೊಂಡಿದ್ದವರು. ಸೊಂಟ ಹಿಡಿದ ಮೇಲೆ ಕಾರ್ಖಾನೆ ಬಿಟ್ಟರು, ಬೆಂಕಿಯನ್ನು ಬಿಡಲಿಲ್ಲ. ಮನೆಯ ಹಿತ್ತಿಲಲ್ಲಿ ಗುಂಡಿ ತೋಡಿ, ಒಳಗೆ ಮುರಕಲ್ಲು ಕಟ್ಟಿ, ಹಳೆಯ ಸೈಕಲ್ ಚಕ್ರದಿಂದ ಗಾಳಿ ಊದುವ ಒಂದು ಯಂತ್ರ ಕೂಡಿಸಿ, ತೆಂಗಿನ ಗೆರಟೆಯ ಇದ್ದಲಿನ ಮೇಲೆ ಕಬ್ಬಿಣದ ಮೂಸೆ ಇಟ್ಟು ಅಲ್ಯೂಮಿನಿಯಂ ಕರಗಿಸತೊಡಗಿದರು. ಅದು ಆಗ ನಮ್ಮಂಥವರ ಅಡುಗೆಮನೆಗೆ ಹೊಸತಾಗಿ ಬಂದ ಲೋಹ. ಮಣ್ಣಿನ ಮಡಕೆಯಂತೆ ಒಡೆಯುವುದಿಲ್ಲ, ತಾಮ್ರದಂತೆ ಕಲಾಯಿ ಕೇಳುವುದಿಲ್ಲ, ಆದರೆ ಹುಳಿ ಕಂಡರೆ ಅದಕ್ಕಾಗುವುದಿಲ್ಲ. ಹಾಗೆ ತೂತಾದವೆಲ್ಲ ಜತ್ತಪ್ಪಣ್ಣನ ಗುಂಡಿಗೆ ಇಳಿದು, ಸೌಟೋ ಬಾವಿಯ ರಾಟೆಯೋ ಆಗಿ ಮೇಲೆ ಬರುತ್ತಿದ್ದವು. ಬೆಳ್ತಂಗಡಿಯಿಂದಲೂ ಬಸ್ಸಿನ ಮೇಲೆ ಗೋಣಿಚೀಲ ಹಾಕಿಸಿ ಕಳಿಸುವವರಿದ್ದರು.

ನಾನು ಅವರಲ್ಲಿಗೆ ಹೋದದ್ದು ಅರವತ್ತನಾಲ್ಕರಲ್ಲಿ. ಆಗ ನಾನು ಅಲ್ಲಿನ ಶಾಲೆಯ ಕಿರಿಯ ಮಾಷ್ಟ್ರು. ಕಿರಿಯ ಎಂದರೆ ಬೇರೆ ಯಾರಿಗೂ ಬೇಡದ ಕೆಲಸಕ್ಕೆಲ್ಲ ಹಿರಿಯ. ಮಕ್ಕಳ ಮಧ್ಯಾಹ್ನದ ಉಪ್ಪಿಟ್ಟಿಗೆ ಜೋಳದ ರವೆ ಬರುತ್ತದೆ ಎಂದು ಮೇಲಿನಿಂದ ಕಾಗದ ಬಂದಿತ್ತು. ಅದರ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ನೂರೈವತ್ತು ಮಕ್ಕಳಿಗೆ ಬೇಯಿಸುವಂಥ ಪಾತ್ರೆ ಸೋಮವಾರ ಶಾಲೆಯಲ್ಲಿ ಕಾಣದಿದ್ದರೆ ರವೆ ಬೇರೆ ಶಾಲೆಗೆ. ನಮ್ಮಲ್ಲಿದ್ದದ್ದು ಒಂದು ಚಹಾದ ಕೆಟ್ಲು. ಮಧ್ಯಾಹ್ನ ಬಾವಿಯ ನೀರು ಕುಡಿದು ಬಂದು ಕೂರುವ ಮಕ್ಕಳು ಅರ್ಧಕ್ಕರ್ಧ ಇದ್ದರು. ನಾನು ಮಗ್ಗಿ ಹೇಳಿಸುವಾಗ ಅವರ ಹೊಟ್ಟೆಗಳೂ ದನಿ ಸೇರಿಸುತ್ತಿದ್ದವು.

ಜತ್ತಪ್ಪಣ್ಣ ಕಾಗದವನ್ನು ನನ್ನಿಂದ ಎರಡು ಸಲ ಓದಿಸಿದರು.

"ಇಪ್ಪತ್ತು ಕಿಲೊ ಬೇಕಾದೀತು. ಹಳೆ ಪಾತ್ರೆ ನೀವು ತನ್ನಿ, ಕೊಪ್ಪರಿಗೆ ನಾನು ಮಾಡಿ ಕೊಡ್ತೇನೆ. ಕೂಲಿ ಗೀಲಿ ಬೇಡ."

"ಅಷ್ಟು ದೊಡ್ಡದು ಮೊದಲು ಮಾಡಿದ್ದುಂಟಾ?"

"ಇಲ್ಲ. ನೀವು ಮೊದಲು ಮಾಷ್ಟ್ರು ಆಗಿದ್ದದ್ದುಂಟಾ?"

ನಾಲ್ಕು ದಿನ ಗೋಣಿ ಹೊತ್ತು ಹದಿನೆಂಟು ಮನೆ ತಿರುಗಿದೆ. ಫರಂಗಿಪೇಟೆಯ ಅವ್ವಮ್ಮ ತಾನು ಮೀನು ತೊಳೆಯುತ್ತಿದ್ದ ತಪಲೆಯನ್ನೇ ಕೊಟ್ಟರು. ನಮ್ಮ ಶಾಲೆಗೆ ಜಾಗ ಕೊಟ್ಟದ್ದು ಮೂಡುಬಿದಿರೆಯ ಒಂದು ಜೈನರ ಮನೆ. ಅಲ್ಲಿನ ಶಶಿಪ್ರಭಮ್ಮ ಎರಡು ದೊಡ್ಡ ಪಾತ್ರೆ ಕೊಟ್ಟದ್ದಲ್ಲದೆ, ಅಚ್ಚು ತೆಗೆಯಲಿಕ್ಕೆಂದು ಮನೆಯ ಮದುವೆಯ ತಾಮ್ರದ ಕೊಪ್ಪರಿಗೆಯನ್ನೂ ಎರವಲು ಕಳಿಸಿದರು. ಜತ್ತಪ್ಪಣ್ಣ ಅದನ್ನು ಕವುಚಿ, ಹೊಳೆಯ ಮರಳಿಗೆ ಜೇಡಿಮಣ್ಣು ಬೆರೆಸಿ ಅಚ್ಚು ಮಾಡಿ, ಎರಡು ದಿನ ಒಣಗಲು ಬಿಟ್ಟರು.

ಇಲ್ಲಿಯವರೆಗೆ ಎಲ್ಲ ಸರಿ ಇತ್ತು. ಮುಂದೆ ನನ್ನ ತಲೆ ಕೆಲಸ ಮಾಡತೊಡಗಿತು. ಮೀನಿನ ತಪಲೆ, ಸೂರ್ಯ ಮುಳುಗುವ ಮೊದಲೇ ಉಂಡು ಮುಗಿಸುವವರ ಮನೆಯ ಪಾತ್ರೆ, ಎರಡೂ ಒಂದೇ ಕೊಪ್ಪರಿಗೆಯಲ್ಲಿ! ನಾಳೆ ಶಶಿಪ್ರಭಮ್ಮ ಬೇಸರಿಸಿದರೆ? ಬೆಂಕಿಗೆ ಬಿದ್ದದ್ದು ಶುದ್ಧ ಎಂದು ಮಕ್ಕಳಿಗೆ ಪಾಠ ಹೇಳುವವನು ನಾನೇ. ಆದರೂ ನನಗೆ ಬೆಂಕಿಗಿಂತ ಬಾವಿಯ ಮೇಲೆ ನಂಬಿಕೆ ಹೆಚ್ಚು.

ಶನಿವಾರ ಬೆಳಿಗ್ಗೆ ಜತ್ತಪ್ಪಣ್ಣ ಬೆಂಕಿ ಎಬ್ಬಿಸುವಲ್ಲಿ ಮುಳುಗಿದ್ದರು. ನಾನು ಅವ್ವಮ್ಮನ ತಪಲೆಯನ್ನು ಬಾವಿಕಟ್ಟೆಗೆ ಒಯ್ದು ಬೂದಿ ಹಾಕಿ, ಹುಣಸೆಹುಳಿ ಹಾಕಿ, ಮೂರು ನೀರಲ್ಲಿ ತೊಳೆದೆ. ತಿರುಗಿ ಬರುವಾಗ ಗುಂಡಿಯ ಮೂಸೆಯಲ್ಲಿ ಮುಕ್ಕಾಲು ಪಾಲು ಕರಗಿ ಕನ್ನಡಿಯಂತೆ ತಳತಳಿಸುತ್ತಿತ್ತು. ಸಹಾಯ ಮಾಡುವ ಎಂದು ತಪಲೆಯನ್ನು ನಾನೇ ಮೆಲ್ಲನೆ ಇಳಿಬಿಟ್ಟೆ. ಅದರ ಮಡಚಿದ ಅಂಚಿನೊಳಗೆ ನೀರು ನಿಂತಿದ್ದದ್ದು, ಕರಗಿದ ಲೋಹಕ್ಕೆ ನೀರು ತಾಗಿದರೆ ಸಿಡಿಯುವುದು ನನಗೇನು ಗೊತ್ತು?

ಢಮ್ ಎಂದು ಒಂದು ಸದ್ದು. ಅದಕ್ಕೆ ಮೊದಲೇ ನಾನು ಬೂದಿರಾಶಿಯ ಮೇಲೆ ಅಂಗಾತ ಬಿದ್ದಿದ್ದೆ. ತಪಲೆಯ ಅಂಚು ಮಿನುಗಿದ್ದು ಕಂಡಿತ್ತೋ ಏನೋ, ಸೊಂಟ ಹಿಡಿದ ಮನುಷ್ಯ ಅಷ್ಟು ದೂರದಿಂದ ಹಾರಿ ನನ್ನನ್ನು ದೂಡಿದ್ದರು. ಚಿಮ್ಮಿದ ಲೋಹ ನನ್ನ ಮುಖ ಇದ್ದ ಜಾಗದಲ್ಲಿ ಅವರ ಎಡಗೈಯನ್ನು ಕಂಡಿತು.

ಅವರ ಹೆಂಡತಿ ಸೇಸಮ್ಮ ಓಡಿ ಬಂದು ಕೊಡಗಟ್ಟಲೆ ನೀರು ಹೊಯ್ದರು. ಜತ್ತಪ್ಪಣ್ಣ ಹಲ್ಲು ಕಚ್ಚಿಕೊಂಡು ಕೇಳಿದರು:

"ತಪಲೆ ಚಂಡಿ ಇತ್ತಾ? ಅದರಲ್ಲಿ ನೀರಿತ್ತಾ?"

"ತೊಳೆದದ್ದು."

"ಯಾಕೆ?"

"ಮೀನಿನದ್ದಲ್ವಾ. ಮೂಡುಬಿದಿರೆಯವರು ಏನಾದರೂ ಹೇಳಿದರೆ ಅಂತ…"

"ಮಾಷ್ಟ್ರೇ, ಇಷ್ಟು ಬಿಸಿಯಲ್ಲಿ ಮೀನು ಇನ್ನೂ ಈಜ್ತದಾ?"

ಮಣ್ಣಲ್ಲಿ ಚೆಲ್ಲಿದ ಲೋಹವನ್ನು ಬಾಚಿ, ಕುಟ್ಟಿ, ಕಸ ತೆಗೆದು ಪುನಃ ಹಾಕಿದೆವು. ಆದರೂ ಒಂದೂವರೆ ಕಿಲೊ ಕಮ್ಮಿ. ಇವತ್ತೇ ಹೊಯ್ಯದಿದ್ದರೆ ಇಬ್ಬನಿಗೆ ಅಚ್ಚು ಹಸಿಯಾಗುತ್ತದೆ, ಮತ್ತೆ ಒಣಗಿಸಲು ಎರಡು ದಿನ ಬೇಕು ಎಂದರು ಜತ್ತಪ್ಪಣ್ಣ. ಅಲ್ಲಿಗೆ ಸೋಮವಾರ ಹೋಯಿತು, ರವೆಯೂ ಹೋಯಿತು. ನಾನು ಬೂದಿ ಮೆತ್ತಿದ ಮುಖ ಹೊತ್ತು ನಿಂತಿದ್ದೆ. ಬಯ್ದಿದ್ದರೆ ಸಮಾಧಾನವಾಗುತ್ತಿತ್ತು, ಯಾರೂ ಬಯ್ಯಲಿಲ್ಲ.

ಸೇಸಮ್ಮ ಒಳಗೆ ಹೋದರು. ಮನೆಯಲ್ಲಿದ್ದ ಒಂದೇ ಒಂದು ದೊಡ್ಡ ಅಲ್ಯೂಮಿನಿಯಂ ಪಾತ್ರೆಯ ಗಂಜಿಯನ್ನು ಮಣ್ಣಿನ ಮಡಕೆಗೆ ಬಗ್ಗಿಸಿ, ಪಾತ್ರೆಯನ್ನು ಒರಸಿ, ಒಲೆಯ ಮೇಲೆ ಕವುಚಿ ಚೆನ್ನಾಗಿ ಕಾಯಿಸಿ ತಂದರು.

"ಒಣಗಿ ಉಂಟು. ನೀವು ಮುಟ್ಟಬೇಡಿ ಮಾಷ್ಟ್ರೇ."

ಹೊಯ್ಯುವಾಗ ಜತ್ತಪ್ಪಣ್ಣನಿಗೆ ಒಂದೇ ಕೈ. ಹಾಗಾಗಿ ಮೂಸೆಯನ್ನು ಎತ್ತಿ ಬಗ್ಗಿಸುವ ಕಬ್ಬಿಣದ ಕೋಲಿನ ಇನ್ನೊಂದು ತುದಿ ನನ್ನ ಪಾಲಿಗೆ ಬಂತು. ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ನಡುಗುವುದಾದರೆ ಒಂದೇ ಕಡೆಗೆ ನಡುಗಿ," ಎಂದರು.

ಸೋಮವಾರ ಪಾತ್ರೆ ನೋಡಲು ಮೇಲಿನ ಕಚೇರಿಯ ಸಾಹೇಬರು ಬಂದರು, ಕೊಪ್ಪರಿಗೆಯನ್ನು ಬೆರಳಲ್ಲಿ ತಟ್ಟಿದರು, ಸುತ್ತು ಬಂದರು. ಅದರ ಒಂದು ಕಿವಿ ದೊಡ್ಡದು, ಇನ್ನೊಂದು ಸಣ್ಣದು. ಸಣ್ಣದು ನಾನು ಹಿಡಿದ ಕಡೆಯದ್ದು. ಆದರೂ ಬರೆದುಕೊಂಡರು. ರವೆ ಇಳಿಯಿತು.

ಮೊದಲ ಉಪ್ಪಿಟ್ಟಿನ ದಿನವೇ ಶಶಿಪ್ರಭಮ್ಮ ತಮ್ಮ ತಾಮ್ರದ ಕೊಪ್ಪರಿಗೆ ಒಯ್ಯಲು ಬಂದರು. ಮಕ್ಕಳ ಸಾಲಿನ ಕೊನೆಯಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡ ಜತ್ತಪ್ಪಣ್ಣನೂ ಎಲೆ ಹಾಕಿಸಿಕೊಂಡು ಕೂತಿದ್ದರು. ಬಚ್ಚಿಡುವ ಧೈರ್ಯ ಸಾಲದೆ ನಾನು ಮೀನಿನ ತಪಲೆಯ ಕಥೆಯನ್ನು ಶಶಿಪ್ರಭಮ್ಮನಿಗೆ ಪೂರ್ತಿ ಒಪ್ಪಿಸಿದೆ.

"ತೊಳೆಯಲಿಕ್ಕೆ ನಿಮಗೆ ಹೇಳಿದ್ದು ಯಾರು?" ಎಂದರು ಅವರು. "ನಾವು ಕೊಟ್ಟ ಎರಡೂ ಪಾತ್ರೆ ಹಟ್ಟಿಯದ್ದು. ದನಕ್ಕೆ ಅಕ್ಕಚ್ಚು ಕೊಡ್ತಿದ್ದದ್ದು." ಹಾಗೆಂದು ತಾವೂ ಒಂದು ಎಲೆ ಹಾಕಿಸಿಕೊಂಡು ಕೂತರು.

ಜತ್ತಪ್ಪಣ್ಣ ಸೊಂಟ ಹಿಡಿದುಕೊಳ್ಳುವಷ್ಟು ನಕ್ಕರು. ಆಮೇಲೆ ಒಂದು ತುತ್ತು ಬಾಯಿಗಿಟ್ಟು ಹೇಳಿದರು:

"ಉಪ್ಪು ಸ್ವಲ್ಪ ಕಮ್ಮಿ. ಆ ಮೀನನ್ನು ತೊಳೆಯಬಾರದಿತ್ತು."

ಆ ಕೊಪ್ಪರಿಗೆ ಹನ್ನೊಂದು ವರ್ಷ ದುಡಿಯಿತು. ಜತ್ತಪ್ಪಣ್ಣನ ಎಡಗೈಯಲ್ಲಿ ಹಲಸಿನ ಎಲೆಯಷ್ಟು ಅಗಲದ ಬಿಳಿ ಕಲೆ ಕೊನೆಯವರೆಗೂ ಇತ್ತು. ಯಾರಾದರೂ ಕೇಳಿದರೆ "ಕೆಲಸದಲ್ಲಿ ಆದದ್ದು" ಎನ್ನುತ್ತಿದ್ದರೇ ಹೊರತು ನನ್ನ ಹೆಸರು ತೆಗೆದವರಲ್ಲ. ನನಗೀಗ ಕನ್ನಡಕ ಬಂದಿದೆ. ಹೆಂಡತಿ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕುತ್ತಾಳೆ. ಕನ್ನಡಕ ಹಾಕಲು ಕಣ್ಣು ಉಳಿದದ್ದನ್ನು ಯಾರ ಲೆಕ್ಕಕ್ಕೆ ಹಾಕಬೇಕೆಂದು ನನಗೆ ಗೊತ್ತುಂಟು.

ಮುಂದಿನ ಸಂಬಳದಲ್ಲಿ ಸೇಸಮ್ಮನಿಗೆ ಹೊಸ ಗಂಜಿಪಾತ್ರೆ ಕೊಂಡುಕೊಟ್ಟೆ. ಆಮೇಲೆ ನಾನು ಆ ಮನೆಗೆ ಹೋದಾಗಲೆಲ್ಲ ಅವರು ಅದರಿಂದಲೇ ಗಂಜಿ ಬಡಿಸಿ, ಉಪ್ಪಿನಕಾಯಿ ಇಟ್ಟು, ಪ್ರತಿಸಲ ಒಂದೇ ಮಾತು ಹೇಳುತ್ತಿದ್ದರು:

"ತೊಳೆದದ್ದೇ ಮಾಷ್ಟ್ರೇ, ಹೆದರಬೇಡಿ. ಒಣಗಿಸಿಯೂ ಉಂಟು."