ಹಾಳೆಯ ಹಿಂದಿನ ಮಗ್ಗಲು

ಕಳೆದ ವಾರ ತಂಗಿಯನ್ನು ರಾಯಚೂರಿನ ಗಾಡಿ ಹತ್ತಿಸಲು ಕಾಚಿಗೂಡ ಸ್ಟೇಷನ್ನಿಗೆ ಹೋಗಿದ್ದೆ. ಹೊರಗೆ ಬರುವಾಗ ಗೋಡೆಗೆ ಪೋಸ್ಟರ್ ಹಚ್ಚುವವನೊಬ್ಬ ಬಕೆಟ್ಟಿನಲ್ಲಿ ಅಂಟು ಕಲಸುತ್ತಿದ್ದ. ಕುದಿಸಿದ ಮೈದಾ, ಅದಕ್ಕೆ ಚಿಟಿಕೆ ಮೈಲುತುತ್ತ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ಅಲ್ಲೇ ನಿಂತವು. ಆಟೋದವನು ಎರಡು ಸಲ ಕರೆದ, ಮೂರನೇ ಸಲ ಬೈದ. ನಾನು ಮಾತ್ರ ಆಪಾ ಅವರ ಮೇಜಿನ ಮುಂದೆ ನಿಂತಿದ್ದೆ...

ಆಪಾ ಅಂದರೆ ಅಕ್ಕ. ಕಚೇರಿಯಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು, ಅವರಿಗಿಂತ ಹಿರಿಯರು ಕೂಡ. ಹೈದರಾಬಾದು ಆಂಧ್ರಪ್ರದೇಶದ ರಾಜಧಾನಿಯಾಗಿದ್ದ ಕಾಲ ಅದು. ಜಾತಿಯ ಕಾರಣಕ್ಕೋ, ಧರ್ಮದ ಕಾರಣಕ್ಕೋ, ಹೆಣ್ಣು ಎಂಬ ಕಾರಣಕ್ಕೋ ಅನ್ಯಾಯವಾದವರು ದೂರು ಬರೆದು ಕಳಿಸುವ ಒಂದು ಸರ್ಕಾರಿ ಕಚೇರಿಯಲ್ಲಿ ನನಗೆ ಹೊಸದಾಗಿ ಕೆಲಸ ಸಿಕ್ಕಿತ್ತು. ಟಪಾಲು ವಿಭಾಗದಲ್ಲಿ ಇಬ್ಬರೇ. ಆಪಾ ಹಿರಿಯ ಗುಮಾಸ್ತೆ, ನಾನು ಕಿರಿಯಳು. ಅವರು ಹುಟ್ಟಿ ಬೆಳೆದದ್ದು ರಾಯಚೂರಿನಲ್ಲಿ, ಮದುವೆಯಾಗಿ ಬಂದದ್ದು ಯಾಕುತ್‌ಪುರಕ್ಕೆ. ಬೆಳಿಗ್ಗೆ ಬಂದು ಬುರ್ಖಾ ತೆಗೆದು ಕುರ್ಚಿಯ ಹಿಂದಿನ ಮೊಳೆಗೆ ತೂಗುಹಾಕಿ, ಮನೆಯಲ್ಲೇ ಕುದಿಸಿ ತಂದ ಅಂಟಿನ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟರೆಂದರೆ ನಮ್ಮ ವಿಭಾಗ ತೆರೆಯಿತು ಎಂದರ್ಥ. ಸರ್ಕಾರ ಕೊಡುವ ಅಂಟು ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ ಎಂಬುದು ಅವರ ದೂರು. ಅದನ್ನು ಮಾತ್ರ ಅವರು ಯಾವ ರಿಜಿಸ್ಟರಿಗೂ ಏರಿಸಲಿಲ್ಲ.

ನಮ್ಮ ಕೆಲಸ ಸರಳ. ಬಂದ ಕಾಗದಕ್ಕೆ ಮೊಹರು ಹೊಡೆಯುವುದು, ನಂಬರು ಕೊಡುವುದು, ರಿಜಿಸ್ಟರಿನಲ್ಲಿ 'ವಿಷಯ' ಎಂಬ ಕಾಲಮಿನಲ್ಲಿ ನಾಲ್ಕು ಮಾತು ಬರೆಯುವುದು. ಆ ನಾಲ್ಕು ಮಾತು ನೋಡಿ ಮೇಲಿನವರು ಕಾಗದವನ್ನು ಸಂಬಂಧಪಟ್ಟ ಇಲಾಖೆಗೆ ವರದಿ ಕೇಳಿ ಕಳಿಸುವರು. ಎಷ್ಟೋ ಸಲ ದೂರು ಯಾರ ಮೇಲೆ ಬಂದಿದೆಯೋ ಅವರ ಕೈಗೇ ಹೋಗುತ್ತಿತ್ತು. ಅತ್ತೆಯ ಮೇಲಿನ ದೂರನ್ನು ಅತ್ತೆಯ ಕೈಗೇ ಕೊಟ್ಟು 'ನೀವೇ ನೋಡಿ ಹೇಳ್ರಿ' ಅಂದ ಹಾಗೆ. ಅತ್ತೆ ನೋಡಿ, ಅಂಥದ್ದೇನೂ ಇಲ್ಲ ಎಂದು ಬರೆಯುವಳು. ಕಡತ ಮುಗಿಯುವುದು.

ದೂರು ಕೊಟ್ಟವರಿಗೆ ನಮ್ಮಿಂದ ಒಂದು ಅಚ್ಚಾದ ಕಾರ್ಡು ಹೋಗುತ್ತಿತ್ತು. ನಿಮ್ಮ ಕಾಗದ ಮುಟ್ಟಿದೆ, ಅದರ ನಂಬರು ಇಷ್ಟು, ತಾರೀಖು ಇಷ್ಟು. ಅದರಲ್ಲಿ ಇನ್ನೇನೂ ಬರೆಯಕೂಡದು ಎಂದು ನಿಯಮವಿತ್ತು. ಆಪಾ ಬರೆಯುತ್ತಿದ್ದರು. ಒಂದೆರಡು ಸಾಲು, ಕಾಗದ ಬಂದ ಭಾಷೆಯಲ್ಲೇ. ಉರ್ದುವಿಗೆ ಉರ್ದು, ತೆಲುಗಿಗೆ ತೆಲುಗು, ಅಪರೂಪಕ್ಕೆ ಬಂದ ಕನ್ನಡಕ್ಕೆ ಕನ್ನಡ. 'ನೀವು ಇಂಥದ್ದಾಯಿತು ಎಂದು ಬರೆದಿದ್ದೀರಿ, ಓದಿದ್ದೇವೆ' ಎಂದು.

ಒಮ್ಮೆ ನಾನು, "ಆಪಾ, ಯಾಕ ಇಷ್ಟು ತ್ರಾಸ ತಗೋತೀರಿ? ನಂಬರ್ ಹೋದ್ರ ಸಾಕಲ್ರಿ?" ಅಂದೆ.

"ನಂಬರ್ ತಗೊಂಡು ಅವ್ರೇನ್ ಮಾಡ್ಬೇಕು ಬೇಟಾ? ಎಷ್ಟು ಅಂಜಿ ಬರ್ದಿರ್ತಾರ. ಯಾರರ ಒಬ್ರು ಓದ್ಯಾರ ಅಂತ ಗೊತ್ತಾಗ್ಬೇಕು," ಅಂದರು. ಅವರು ಓದುವ ರೀತಿಯೂ ಹಾಗೇ. ತುಟಿ ಅಲ್ಲಾಡಿಸುತ್ತ, ಮುಂದೆ ಹಿಂದೆ ಎರಡೂ ಬದಿ ಓದಿ, ಆಮೇಲೆ ಲಕೋಟೆಯನ್ನೂ ತಿರುವಿ ಓದುತ್ತಿದ್ದರು. ನನಗೆ ಒಳಗೊಳಗೇ ನಗು. ಹತ್ತು ಕಾಗದ ನಾನು ಏರಿಸುವಷ್ಟರಲ್ಲಿ ಅವರದು ಮೂರು ಆಗಿರುತ್ತಿತ್ತು.

ಒಂದು ಶನಿವಾರ ಸಂಜೆ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಬೇಗ ಬಾ ಎಂದು ಅವ್ವ ಬೆಳಿಗ್ಗೆಯಿಂದ ಹೇಳಿ ಹೇಳಿ ತಲೆ ತಿಂದಿದ್ದಳು. ರಾಶಿಯಲ್ಲಿ ಒಂದು ಕನ್ನಡದ ಕಾಗದವಿತ್ತು. ನೋಟುಬುಕ್ಕಿನ ಹಾಳೆ, ಪೆನ್ಸಿಲಿನ ಅಕ್ಷರ, ಅಂಚೇ ಬಿಡದೆ ಬರೆದದ್ದು. ನಾವು ದೇವದುರ್ಗದ ಕಡೆಯವರು, ಕೂಕಟ್‌ಪಲ್ಲಿಯಲ್ಲಿ ಕಟ್ಟಡದ ಕೆಲಸ, ಗಂಡ ಸಾರುವೆಯಿಂದ ಬಿದ್ದು ಕಾಲು ಮುರಿದಿದೆ, ಮಗಳಿಗೆ ಜ್ವರ, ಬೀದಿ ನಲ್ಲಿಯಲ್ಲಿ ನಮಗೆ ನೀರು ಸಿಗುತ್ತಿಲ್ಲ... ಹಾಳೆ ಮುಗಿಯಿತು. ನಾನು ಅದನ್ನು ತಿರುವಲಿಲ್ಲ. ವಿಷಯದ ಕಾಲಮಿನಲ್ಲಿ 'ಬೀದಿ ನಲ್ಲಿಯ ನೀರಿನ ಬಗ್ಗೆ' ಎಂದು ಇಂಗ್ಲಿಷಿನಲ್ಲಿ ಬರೆದೆ. ಆಪಾ ಓದಲೆಂದು ಕಾಗದವನ್ನು ಅವರ ಕಡೆ ಸರಿಸಿ, ಅವರು ತಾಳೆ ನೋಡುವ ಮೊದಲೇ ರಿಜಿಸ್ಟರು ಮುಚ್ಚಿ ಬಸ್ಸು ಹಿಡಿದೆ. ಆ ಸಂಬಂಧ ಕೂಡಲಿಲ್ಲ ಎಂಬುದು ಬೇರೆ ಮಾತು. ಹುಡುಗನಿಗೆ ನನ್ನ ಬಣ್ಣ ಹಿಡಿಸಲಿಲ್ಲವಂತೆ.

ನಮ್ಮ ಆಫೀಸರಿಗೆ ಕನ್ನಡ ಬಾರದು. ಅವರು ನೋಡಿದ್ದು ನನ್ನ ನಾಲ್ಕು ಮಾತನ್ನೇ. ಕಾಗದ ನೀರು ಸರಬರಾಜಿನವರಿಗೆ ಹೋಯಿತು. ಅವರು ಒಬ್ಬ ನೌಕರನನ್ನು ಕಳಿಸಿ, ನಲ್ಲಿ ತಿರುವಿ ನೋಡಿ, 'ನೀರು ಸರಿಯಾಗಿ ಬರುತ್ತಿದೆ, ಯಾರಿಗೂ ತೊಂದರೆಯಿಲ್ಲ' ಎಂದು ಓಣಿಯ ಮೂರು ಜನರ ಸಹಿ ಹಾಕಿಸಿ ಕಳಿಸಿದರು. ದೂರು ಇತ್ಯರ್ಥವಾಯಿತು.

ಎರಡು ತಿಂಗಳ ಮೇಲೆ ಆ ಕಾಗದ ಬರೆದ ಹೆಣ್ಣುಮಗಳು ಕಚೇರಿಗೇ ಬಂದಳು. ಕಾಲಿಗೆ ಸಿಮೆಂಟು ಮೆತ್ತಿಕೊಂಡಿತ್ತು, ಕೆಲಸ ಬಿಟ್ಟು ನೇರ ಬಂದಿದ್ದಳು. ಸೆರಗಿನ ಗಂಟು ಬಿಚ್ಚಿ ನಾಲ್ಕು ಮಡಿಕೆಯಾದ ಒಂದು ಕಾರ್ಡನ್ನು ಆಪಾ ಮುಂದೆ ಇಟ್ಟಳು.

"ಯವ್ವಾ, ನಾ ನೀರು ಬರಂಗಿಲ್ಲ ಅಂತ ಬರ್ದಿದ್ದಿಲ್ರಿ. ನಲ್ಲಿ ಮುಟ್ಟಾಕ ಬಿಡಂಗಿಲ್ಲ ಅಂತ ಬರ್ದಿದ್ದೆ. ಈಗ ಓಣ್ಯಾಗಿನ ಮಂದಿ ಸುಳ್ಳ ಅರ್ಜಿ ಕೊಟ್ಟೀ ಅಂತ ಗುಡಿಸಲಾ ಕಿತ್ತಸ್ತೀವಿ ಅನ್ನಾಕತ್ಯಾರ," ಅಂದಳು.

ಕಾರ್ಡಿನಲ್ಲಿ ನಂಬರಿನ ಕೆಳಗೆ ಆಪಾ ಅವರ ದುಂಡನೆಯ ಅಕ್ಷರವಿತ್ತು. 'ನಿಮ್ಮ ಜಾತಿ ನೋಡಿ ನಲ್ಲಿ ಮುಟ್ಟಗೊಡುವುದಿಲ್ಲ, ಮೇಲಿನಿಂದ ಸುರಿದರಷ್ಟೇ ನೀರು, ಮಂಗಳವಾರ ನೀವೇ ನಲ್ಲಿ ತಿರುವಿದ್ದಕ್ಕೆ ನಿಮ್ಮ ಕೊಡ ಎತ್ತಿ ಒಗೆದು, ನಲ್ಲಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದರು ಎಂದು ಬರೆದಿದ್ದೀರಿ. ಓದಿದ್ದೇವೆ.' ಅದೆಲ್ಲ ಹಾಳೆಯ ಹಿಂದಿನ ಮಗ್ಗಲಿನಲ್ಲಿತ್ತು. ಆಪಾ ರಿಜಿಸ್ಟರು ತೆಗೆದು ಆ ನಂಬರು ಹುಡುಕಿದರು. ನನ್ನ ಅಕ್ಷರ ನೋಡಿದರು. ಆಮೇಲೆ ಆ ಹೆಣ್ಣುಮಗಳನ್ನೂ ನನ್ನನ್ನೂ ಕರೆದುಕೊಂಡು ಆಫೀಸರ ಕೋಣೆಗೆ ಹೋದರು.

ಆಫೀಸರು ಕೆಟ್ಟವರಲ್ಲ. ಎಲ್ಲವನ್ನೂ ಕೇಳಿಸಿಕೊಂಡರು. ಮೂಲ ಕಾಗದಕ್ಕಾಗಿ ನೀರು ಸರಬರಾಜಿನವರಿಗೆ ಫೋನು ಮಾಡಿಸಿದರು. ಆ ಕಡೆಯವರು ಹುಡುಕಿ, ಸಿಗುತ್ತಿಲ್ಲ ಅಂದರು. ಹಾಗಾದರೆ ಹೊಸದಾಗಿ ಒಂದು ದೂರು ಬರೆದುಕೊಡಲಿ, ಅದಕ್ಕೇನಂತೆ ಅಂದರು ಆಫೀಸರು. ಅದಕ್ಕೆ ಆಪಾ ಒಪ್ಪಲಿಲ್ಲ. ಓಣಿಯವರು ಈಗಾಗಲೇ ಸಹಿ ಮಾಡಿದ್ದಾರೆ, ಈಗ ಜಾತಿಯ ಮಾತು ತೆಗೆದರೆ ಸೋತ ಮೇಲೆ ಹುಟ್ಟಿಸಿದ ಕತೆ ಅಂತಾರೆ, ಮೊದಲ ದಿನವೇ ಬರೆದಿದ್ದಳು ಎಂಬುದು ಕಡತದಲ್ಲಿ ಇರಬೇಕು ಎಂದು ತೆಲುಗಿನಲ್ಲಿ ಹೇಳಿದರು. ಅದಕ್ಕಿದ್ದ ಸಾಕ್ಷಿ ಆ ಕಾರ್ಡು ಒಂದೇ.

ಆಫೀಸರು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಇದನ್ನು ಕಡತಕ್ಕೆ ಸೇರಿಸಿದರೆ ಇದರ ಮೇಲೆ ಬರೆದವರು ಯಾರು ಎಂದು ನಾನು ಕೇಳಲೇಬೇಕಾಗುತ್ತದೆ, ಮೆಮೊ ಕೊಡಬೇಕಾಗುತ್ತದೆ, ಈ ವರ್ಷ ನಿಮ್ಮ ಬಡ್ತಿ ಇದೆ, ಯೋಚಿಸಿ ಎಂದರು. ಮೆತ್ತಗೇ ಹೇಳಿದರು. ಆಪಾ ಕಿಟಕಿಯ ಕಡೆ ಒಮ್ಮೆ ನೋಡಿದರು. ಸೂಪರಿಂಟೆಂಡೆಂಟ್ ಆದ ದಿನ ಇಡೀ ಕಚೇರಿಗೆ ಖುಬಾನಿ ಕಾ ಮೀಠಾ ಮಾಡಿಸಿ ತರುತ್ತೇನೆಂದು ಅವರು ಆರು ತಿಂಗಳಿಂದ ಹೇಳುತ್ತ ಬಂದಿದ್ದರು...

"ನೇನೇ ರಾಶಾನು ಸಾರ್," ಅಂದರು. ನಾನೇ ಬರೆದದ್ದು.

ಆಮೇಲೆ ಆಫೀಸರು ರಿಜಿಸ್ಟರಿನ ಆ ಸಾಲಿನ ಮೇಲೆ ಬೆರಳಿಟ್ಟು, ಇಷ್ಟಕ್ಕೆಲ್ಲ ಕಾರಣವಾದ ಈ ಎಂಟ್ರಿ ಯಾರದು ಎಂದು ಕೇಳಿದರು. ನಾನು ಆಪಾ ಅವರ ಹಿಂದೆ ನಿಂತಿದ್ದೆ. ನನ್ನ ಪ್ರೊಬೇಷನ್ ಮುಗಿಯಲು ಇನ್ನೂ ನಾಲ್ಕು ತಿಂಗಳಿತ್ತು, ಅಪ್ಪ ಆಗಷ್ಟೇ ನಿವೃತ್ತರಾಗಿದ್ದರು. ಇವೆಲ್ಲ ನಿಜ. ಆದರೆ ಆ ಗಳಿಗೆಯಲ್ಲಿ ನಾನು ಇದನ್ನೆಲ್ಲ ಯೋಚಿಸಿದೆ ಅಂದರೆ ಸುಳ್ಳಾದೀತು. ನನಗೆ ಸುಮ್ಮನೆ ಅಂಜಿಕೆಯಾಯಿತು, ಅಷ್ಟೇ. ನೆಲ ನೋಡುತ್ತ ನಿಂತೆ.

ಆಪಾ ಸ್ವಲ್ಪ ಹೊತ್ತು ಕಾದರು. ಹಿಂದೆ ತಿರುಗಿ ನನ್ನನ್ನು ನೋಡಲಿಲ್ಲ. ಕಾದದ್ದು ಮಾತ್ರ ನನಗೆ ಗೊತ್ತಾಯಿತು. ಆಮೇಲೆ, ರಿಜಿಸ್ಟರು ನನ್ನದೇ ಸಾರ್, ತಾಳೆ ನೋಡಬೇಕಾದವಳು ನಾನು ಎಂದರು.

ನಮ್ಮ ವಿಭಾಗಕ್ಕೆ ವಾಪಸು ಬಂದ ಮೇಲೆ ನಾನು ಅಳುತ್ತ ಕೂತೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಅಂಟಿನ ಡಬ್ಬಿಯ ಮುಚ್ಚಳ ತೆಗೆದು, ಮುಂದಿನ ಕಾಗದ ನನ್ನ ಕಡೆ ಸರಿಸಿದರು.

"ಹಿಂದಿನ ಮಗ್ಗಲಾನೂ ನೋಡ್ಬೇಕು ಬೇಟಾ," ಅಂದರು. ಆ ವಿಷಯದಲ್ಲಿ ಅವರು ನನ್ನೊಡನೆ ಆಡಿದ ಮಾತು ಅದೊಂದೇ.

ದೂರು ಮತ್ತೆ ತೆರೆಯಿತು, ಈ ಸಲ ಸರಿಯಾದ ಹೆಸರಿನಲ್ಲಿ. ಜೀಪಿನಲ್ಲಿ ದೊಡ್ಡ ಅಧಿಕಾರಿಯೊಬ್ಬರು ಪೊಲೀಸರೊಂದಿಗೆ ಆ ಓಣಿಗೆ ಹೋದರು. ತಿಂಗಳ ಮೇಲೆ ಆ ಹೆಣ್ಣುಮಗಳು ಮತ್ತೆ ಬಂದಳು, ಒಂದು ಚೀಲ ಹಸಿ ಶೇಂಗಾ ಹಿಡಿದುಕೊಂಡು. "ಗುಡಿಸಲಾ ಉಳೀತ್ರಿ ಯವ್ವಾ. ಈಗ ನಾನ ನಲ್ಲಿ ತಿರುವ್ತೀನಿ. ಓಣ್ಯಾಗ ಯಾರೂ ಮಾತಾಡ್ಸಂಗಿಲ್ರಿ," ಅಂದಳು. ಚೀಲ ಮೇಜಿನ ಮೇಲೆ ಇಟ್ಟು, "ಆದ್ರ ನೀರು ಬರ್ತಾವ," ಅಂದಳು. ಆಪಾ ಶೇಂಗಾ ತೆಗೆದುಕೊಳ್ಳಲು ಒಪ್ಪದೆ, ಕೊನೆಗೆ ಒಂದು ಮುಷ್ಟಿ ತೆಗೆದು ಅಲ್ಲೇ ಬಿಡಿಸಿ ತಿಂದರು. ನನಗೂ ಕೊಟ್ಟರು.

ಮೆಮೊ ಸರ್ವಿಸ್ ಪುಸ್ತಕದಲ್ಲಿ ಕೂತುಬಿಟ್ಟಿತು. ಆ ವರ್ಷದ ಪಟ್ಟಿಯಲ್ಲಿ ಆಪಾ ಅವರ ಹೆಸರು ಬರಲಿಲ್ಲ, ಆಮೇಲೂ ಬರಲಿಲ್ಲ. ಕಾರ್ಡಿನ ಮೇಲೆ ಬರೆಯುವುದನ್ನು ನಿಲ್ಲಿಸಬೇಕೆಂದು ಲಿಖಿತ ಆದೇಶವೇ ಬಂತು. ನಿಲ್ಲಿಸಿದರು. ಓದುವುದನ್ನು ನಿಲ್ಲಿಸಲಿಲ್ಲ. ಅದೇ ಕುರ್ಚಿಯಲ್ಲಿ ಕೂತು ನಿವೃತ್ತರಾದರು. ಅವರು ಕೂಡಬೇಕಾಗಿದ್ದ ಸೂಪರಿಂಟೆಂಡೆಂಟರ ಕುರ್ಚಿಯಲ್ಲಿ ಬಹಳ ವರ್ಷಗಳ ಮೇಲೆ ನಾನು ಕೂತೆ. ಹಾರ ಹಾಕಿದರು, ಫೋಟೋ ತೆಗೆದರು. ಅಂದು ಯಾಕುತ್‌ಪುರಕ್ಕೆ ಹೋಗಿಬರಬೇಕು ಅಂದುಕೊಂಡೆ. ಆಮೇಲೆ ರಂಜಾನಿಗೆ ಹೋದರಾಯಿತು ಅಂದುಕೊಂಡೆ. ಹಾಗೇ ಎಷ್ಟು ರಂಜಾನುಗಳು ಬಂದುಹೋದವೋ...

ಪೋಸ್ಟರಿನ ಅಂಟಿನ ವಾಸನೆ ಮೂಗಿಗೆ ಬಡಿದ ಮರುದಿನ ನಾನು ಹೊರಟೇಬಿಟ್ಟೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಶಾಲೆಯ ಪದ್ಯದ ಹಾಗೆ ಬಾಯಿಪಾಠ ಮಾಡಿಕೊಂಡೆ. ಮನೆ ಸುಲಭವಾಗಿ ಸಿಕ್ಕಿತು. ಬಾಗಿಲು ತೆಗೆದದ್ದು ಸೊಸೆ. ಆಪಾ ತೀರಿಕೊಂಡು ಮೂರು ವರ್ಷವಾಯಿತಂತೆ. ಕಚೇರಿಯಲ್ಲಿ ಯಾರಿಗೆ ತಿಳಿಸಬೇಕೆಂದು ಮನೆಯವರಿಗೆ ಗೊತ್ತಿರಲಿಲ್ಲವಂತೆ.

ಒಳಗೆ ಕೂಡಿಸಿ ಚಹಾ ಕೊಟ್ಟಳು. ಅಮ್ಮಿಯ ಜೊತೆ ಕೆಲಸ ಮಾಡಿದವರು ಅಂದರೆ ಅವಳಿಗೆ ಭಾರೀ ಸಂತೋಷ. ಮಾತಿಗೆ ಮಾತು ಬಂದು, ಅಮ್ಮಿಗೆ ಬಡ್ತಿ ಬಂದಿತ್ತು, ದೂರದ ಜಿಲ್ಲೆಗೆ ಹಾಕಿದ್ದರು, ಮಕ್ಕಳನ್ನು ಬಿಟ್ಟು ಹೋಗಲಾರೆ ಎಂದು ತಾವೇ ಬೇಡ ಅಂದರು, ಅಲ್ಲವೇ ಎಂದು ಉರ್ದುವಿನಲ್ಲಿ ಕೇಳಿದಳು. ಆಪಾ ಮನೆಯಲ್ಲಿ ಹಾಗೆ ಹೇಳಿದ್ದರು. ಮನೆಯವರೆದುರು ಕೂಡ ನನ್ನ ತಪ್ಪಿನ ಸುದ್ದಿ ತೆಗೆದಿರಲಿಲ್ಲ.

ಬಾಯಿಪಾಠ ಮಾಡಿಕೊಂಡು ಹೋದದ್ದು ಗಂಟಲಿನವರೆಗೆ ಬಂತು. ಸೊಸೆ ನನ್ನ ಮುಖವನ್ನೇ ನೋಡುತ್ತ, ಹೌದು ಅನ್ನಲಿ ಎಂದು ಕಾಯುತ್ತಿದ್ದಳು. ಅತ್ತೆ ಮಕ್ಕಳಿಗಾಗಿ ಬಡ್ತಿ ಬಿಟ್ಟರು ಎಂಬುದು ಆ ಮನೆಯ ಹೆಮ್ಮೆಯ ಮಾತು, ಅದನ್ನು ಕೆಡಿಸಲು ನಾನು ಯಾರು ಎಂದು ನನಗೆ ನಾನೇ ಹೇಳಿಕೊಂಡೆ. ಅಂಜಿಕೆಗೆ ಈ ವಯಸ್ಸಿನಲ್ಲಿ ಒಳ್ಳೊಳ್ಳೆಯ ಕಾರಣಗಳು ಸಿಗುತ್ತವೆ. ತಲೆ ಬಗ್ಗಿಸಿ, ಹೌದು ಅಂದೆ.