ಜಾರುವ ಶ್ರುತಿಯ ಮೇಷ್ಟ್ರು

ನಮ್ಮ ಹಾಡುಗಾರರ ಗುಂಪಿನ ಮೇಷ್ಟ್ರಿಗೆ ಹಾರ್ಮೋನಿಯಂ ಎಂದರೆ ಆಗದು. ಅದರ ಸ್ವರಗಳು ಕಟ್ಟಿಟ್ಟವು, ಯಾರಿಗೂ ತಲೆಬಾಗುವುದಿಲ್ಲವಂತೆ. "ಪಕ್ಕದವರ ದನಿ ಕೇಳಿ, ಕೂದಲೆಳೆಯಷ್ಟು ಹೊಂದಿಸಿಕೊಳ್ಳಿ" ಎನ್ನುತ್ತಾರೆ. ಹಾಗೆ ಹೊಂದಿಸಿಕೊಂಡರೆ ನನ್ನಂಥ ಒಡಕು ಗಂಟಲಲ್ಲೂ ಜೇನು ಸುರಿಯುತ್ತದೆ, ನಿಜ. ಆದರೆ ಪ್ರತಿ ಹೊಂದಾಣಿಕೆಗೂ ಇಡೀ ಹಾಡಿನ ಶ್ರುತಿ ತುಸು ಕೆಳಗೆ ಜಾರುತ್ತದೆ. ನಮಗಾರಿಗೂ ತಿಳಿಯದ ಆ ಜಾರಿಕೆಗೆ ಅವರೊಬ್ಬರೇ ಬೆವರುತ್ತಾರೆ. "ಎಲ್ಲಿಂದ ಹೊರಟ್ವಿ ಅಂತ ನೆನಪಿದ್ಯೇನ್ರೀ?" ಎಂದು ನಡುವೆಯೇ ಹಾಡು ನಿಲ್ಲಿಸುತ್ತಾರೆ. "ಮನೆಯಿಂದ, ಮೇಷ್ಟ್ರೇ" ಎಂದೆ ನಾನೊಮ್ಮೆ, ಅವರು ನಗಲಿಲ್ಲ. ಮೊನ್ನೆ ಅವರ ಮನೆಗೆ ಹೋದಾಗ, ಮರೆವು ಹತ್ತಿದ ಅವರ ತಾಯಿ ಒಳಗಿನಿಂದ "ಅಣ್ಣಾ" ಎಂದು ಕೂಗಿದರು. "ಏನಮ್ಮಾ ತಂಗಿ?" ಎಂದರು ಮೇಷ್ಟ್ರು. ಆಮೇಲೆ ನನ್ನತ್ತ ತಿರುಗಿ ಪಿಸುಗುಟ್ಟಿದರು: "ಮೊದಲು ಮಗ, ಆಮೇಲೆ ತಮ್ಮ, ಈಗ ಅಣ್ಣ. ಅಮ್ಮ ಕರೆದ ಹಾಗೆಲ್ಲ ಆಗ್ತಾ ಬಂದೆ ಕಣ್ರೀ. ನಾಳೆ 'ಯಾರಪ್ಪಾ ನೀನು?' ಅಂದ್ರೆ, ಅದಕ್ಕೂ ಒಗ್ಗಿಹೋಗ್ತೀನೇನೋ ಅಂತ ಹೆದರಿಕೆ."